ಕರೆದವರು ಯಾರು?

ಪೋಲೆಂಡಿನ ಹಳೆಯ ಕಥೆ ಸಾನಪಾಡಾದ ಕನ್ನಡಿಗರಿಗೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ.

1226ರ ಸುಮಾರಿಗೆ ಮಜೋವಿಯಾದ ದೊರೆ ಕೊನ್ರಾಡ್, ನೆರೆಯ ಪ್ರಷ್ಯನ್ನರ ಕಾಟ ತಾಳಲಾರದೆ ಟ್ಯೂಟಾನಿಕ್ ಸಂಘದ ಯೋಧರನ್ನು ಕರೆಸಿಕೊಂಡ. ಅವರಿಗೆ ನೆಲೆಯಾಗಲೆಂದು ಖೆಲ್ಮ್ನೊ ಸೀಮೆಯನ್ನು ಬಿಟ್ಟುಕೊಟ್ಟ. ಸನ್ಯಾಸಿಯ ವ್ರತ ತೊಟ್ಟು ಕತ್ತಿ ಹಿಡಿದ ಆ ಮಂದಿ ಪ್ರಷ್ಯವನ್ನು ಗೆದ್ದು ತಾವೇ ಇಟ್ಟುಕೊಂಡರು. 1308ರಲ್ಲಿ ಗ್ಡಾನ್‌ಸ್ಕ್‌ಗೆ ಹೋದದ್ದೂ ನೆರವಿನ ಹೆಸರಿನಲ್ಲೇ. ಊರನ್ನು ಮಾತ್ರ ಹಿಂದಿರುಗಿಸಲಿಲ್ಲ. ಅವರ ಸೊಕ್ಕು ಮುರಿಯಲು 1410ರಲ್ಲಿ ಪೋಲೆಂಡ್, ಲಿಥುವೇನಿಯಾಗಳೆರಡೂ ಕೂಡಿ ಗ್ರುನ್‌ವಾಲ್ಡ್‌ನಲ್ಲಿ ಕಾದಬೇಕಾಯಿತು.

ಇಂಥ ಸಂಘಗಳ ನೆರಳು ನಮ್ಮ ಕಡಲಿಗೂ ಬಿತ್ತು. ಟೆಂಪ್ಲರ್ ಸಂಘ 1312ರಲ್ಲಿ ರದ್ದಾದ ಮೇಲೆ ಪೋರ್ಚುಗಲ್‌ನಲ್ಲಿ ಅದರ ಆಸ್ತಿಯಿಂದ 1319ರಲ್ಲಿ ಕ್ರಿಸ್ತನ ಸಂಘ ಹುಟ್ಟಿತು. ಪೋರ್ಚುಗೀಸ್ ಹಡಗುಗಳ ಹಾಯಿಯ ಮೇಲಿನ ಕೆಂಪು ಶಿಲುಬೆ ಆ ಸಂಘದ್ದೇ. ಆದರೆ ಇಲ್ಲಿ ಸಂಘವೇ ರಾಜ್ಯ ಕಟ್ಟಲಿಲ್ಲ. ರಾಜಸೇವೆಯಲ್ಲಿದ್ದವರಿಗೆ ಬಿರುದಾಗಿ, ಉಡುಪಾಗಿ ಉಳಿಯಿತು. ಈ ವ್ಯತ್ಯಾಸ ಸಣ್ಣದೇನಲ್ಲ.

ಕರೆದವರ ವಿಷಯದಲ್ಲಿ ಮಾತ್ರ ಹೋಲಿಕೆ ಬಲವಾಗಿದೆ. 1510ರಲ್ಲಿ ಬೇರೆ ಕಡೆಗೆ ಹೊರಟಿದ್ದ ಪೋರ್ಚುಗೀಸ್ ದಳಪತಿ ಅಫೊನ್ಸೊ ಡಿ ಅಲ್ಬುಕರ್ಕ್‌ನಿಗೆ ಗೋವಾದತ್ತ ಕೈ ತೋರಿದವನು ನಮ್ಮ ಹೊನ್ನಾವರದ ಕಡಲನಾಯಕ ತಿಮ್ಮಯ್ಯ. ಗೋವಾವನ್ನಾಳುತ್ತಿದ್ದ ಆದಿಲಶಾಹಿಯ ಮೇಲಿನ ಹಗೆ ಅವನದು. ಫೆಬ್ರವರಿಯಲ್ಲಿ ಸಿಕ್ಕ ಗೋವಾ ಮೇ ತಿಂಗಳಲ್ಲಿ ಕೈತಪ್ಪಿತು. ನವೆಂಬರ್ 25ರಂದು ಮತ್ತೆ ವಶವಾಯಿತು. ತಿಮ್ಮಯ್ಯನಿಗೆ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು, ಗೋವಾ ಸಿಗಲಿಲ್ಲ. ಅಲ್ಬುಕರ್ಕ್ ಸಂತಿಯಾಗೊ ಎಂಬ ಇನ್ನೊಂದು ಯೋಧಸಂಘದವನು. 1515ರ ಡಿಸೆಂಬರ್ 16ರಂದು ಗೋವಾದ ಅಳಿವೆಬಾಗಿಲಲ್ಲಿ, ಹಡಗಿನ ಮೇಲೆ, ಆ ಸಂಘದ ಉಡುಪನ್ನು ತೊಡಿಸಿಕೊಂಡೇ ಪ್ರಾಣ ಬಿಟ್ಟ.

ನಾವಿರುವ ಈ ಸೀಮೆಯದೂ ಅದೇ ಪಾಡು. ಮೊಘಲರ ಹುಮಾಯೂನನ ಭಯಕ್ಕೆ ಗುಜರಾತಿನ ಬಹಾದೂರ್ ಶಾ 1534ರಲ್ಲಿ ವಸಯಿಯನ್ನು ಪೋರ್ಚುಗೀಸರಿಗೆ ಬರೆದುಕೊಟ್ಟ. ಆಮೇಲೆ ಹಳ್ಳಿಗಳು ಪೋರ್ಚುಗೀಸ್ ಕುಲೀನರಿಗೆ ಗೇಣಿಗೆ ಹಂಚಿಹೋದವು. ಯುದ್ಧಕ್ಕೆ ಕುದುರೆ, ಆಯುಧ ಸಿದ್ಧವಿಡಬೇಕೆಂಬುದು ಕರಾರು. ಸಾನಪಾಡಾದಲ್ಲಿ ಠಾಣೆಯ ಲೋಕಲ್ ಹತ್ತಿದರೆ ಅವರ ಕೋಟೆಯ ಊರನ್ನೇ ತಲುಪುತ್ತೇವೆ. 1730ರಲ್ಲಿ ಕಟ್ಟತೊಡಗಿದ ಆ ಕೋಟೆಯನ್ನು 1737ರಲ್ಲಿ ಮರಾಠರು ಕಿತ್ತುಕೊಂಡರು. ಈಗ ಅದು ಠಾಣೆ ಸೆಂಟ್ರಲ್ ಜೈಲು. ಸುತ್ತ ರಿಕ್ಷಾ, ತರಕಾರಿ, ಗದ್ದಲ.

ಪರಕೀಯರ ದಾಳಿ ಎಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಮುಗಿಸುವುದು ನಮ್ಮ ಪಠ್ಯಪುಸ್ತಕಗಳ ಹಳೆಯ ಚಾಳಿ. ಕೊನ್ರಾಡ್, ತಿಮ್ಮಯ್ಯ, ಬಹಾದೂರ್ ಶಾ ಮೂವರೂ ಲೆಕ್ಕ ಹಾಕಿಯೇ ಬಾಗಿಲು ತೆರೆದವರು. ಮೂವರ ಲೆಕ್ಕವೂ ತಪ್ಪಿತು, ಅಷ್ಟೆ.

ಹೊನ್ನಾವರ, ಭಟ್ಕಳ, ಬಸ್ರೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಓದುಗರ ಮನೆಗಳಲ್ಲಿ ಆ ಕಾಲದ ಕಡತ, ಕೈಫಿಯತ್ತು, ಹಿರಿಯರು ಹೇಳಿದ ಕಥೆಗಳಿದ್ದರೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗವಿದೆ.