ಹುಮನಾಬಾದಿನ ಉಪ್ಪಿನ ಲೆಕ್ಕ

ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ದಖ್ಖನಿನ ಪ್ರಸ್ಥಭೂಮಿಯ ಮೇಲೆ ನೆಲೆಸಿರುವ ಬಸವಕಲ್ಯಾಣ, ಹುಮನಾಬಾದುಗಳ ಜನರಿಗೆ, ಉಪ್ಪಾರರು ಚೌಳು ಮಣ್ಣನ್ನು ಸೋಸಿ ತೆಗೆಯುತ್ತಿದ್ದ ಅಲ್ಪಸ್ವಲ್ಪವನ್ನು ಬಿಟ್ಟರೆ, ಉಪ್ಪು ಹೊರಗಿನಿಂದಲೇ ಬರತಕ್ಕ ಪದಾರ್ಥವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಸರ್ಕಾರುಗಳನ್ನು ಬಿಟ್ಟುಕೊಟ್ಟು ಕಡಲತೀರವನ್ನು ಕಳೆದುಕೊಂಡ ನಿಜಾಮನ ಸಂಸ್ಥಾನವು ತನ್ನ ಪ್ರಜೆಗಳ ಊಟದ ಉಪ್ಪಿಗೂ ಬ್ರಿಟಿಷರ ಆಳ್ವಿಕೆಯ ತೀರವನ್ನೇ ನೆಚ್ಚಬೇಕಾಯಿತು. ಆದರೆ ಇಂದು ಈ ಸೀಮೆಯನ್ನು ಕಾಡತಕ್ಕ ಉಪ್ಪಿನ ಪ್ರಶ್ನೆ ಅಡುಗೆಮನೆಯದಲ್ಲ, ಕಾರ್ಖಾನೆಯದು. ಅದು ಉಪ್ಪು ಬರುವುದರ ಪ್ರಶ್ನೆಯೂ ಅಲ್ಲ, ಬಂದ ಉಪ್ಪು ಕಡೆಗೆ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ.

ಜಗತ್ತಿನಲ್ಲಿ ವರ್ಷವೊಂದಕ್ಕೆ 25 ಕೋಟಿ ಟನ್ನಿಗೂ ಮಿಗಿಲಾಗಿ ಉತ್ಪನ್ನವಾಗುವ ಉಪ್ಪಿನಲ್ಲಿ ಮನುಷ್ಯನ ನಾಲಿಗೆಗೆ ತಾಗುವುದು ಅಲ್ಪಾಂಶ ಮಾತ್ರ. ಒಂದು ಟನ್ ಕಾಸ್ಟಿಕ್ ಸೋಡಾ ತೆಗೆಯಲು ಸುಮಾರು ಒಂದೂವರೆ ಟನ್ ಉಪ್ಪು ಬೇಕು. ಕಾಗದ, ಸಾಬೂನು, ಗಾಜು, ಪಿವಿಸಿ ಕೊಳವೆ, ಬಣ್ಣದ ಬಟ್ಟೆ, ಔಷಧ ಇವೆಲ್ಲವುಗಳ ಹಿಂದೆ ಉಪ್ಪಿನ ರಾಶಿ ಇದೆ. ಅಮೆರಿಕವು ತನ್ನ ಉಪ್ಪಿನ ಬಹುದೊಡ್ಡ ಪಾಲನ್ನು ಚಳಿಗಾಲದ ರಸ್ತೆಗಳ ಹಿಮ ಕರಗಿಸಲು ಚೆಲ್ಲುತ್ತದೆ; ಜಪಾನು ಆಸ್ಟ್ರೇಲಿಯಾ, ಮೆಕ್ಸಿಕೊಗಳಿಂದ ಹಡಗು ತುಂಬ ತರಿಸುತ್ತದೆ; ತಾನೇ ಅತಿದೊಡ್ಡ ಉತ್ಪಾದಕನಾದ ಚೀನಾ ಕೂಡ ನಮ್ಮ ಗುಜರಾತಿನ ಉಪ್ಪಿಗೆ ಕೈಚಾಚುತ್ತದೆ. ಭಾರತದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದನ್ನು ಕೊಡತಕ್ಕ ಗುಜರಾತಿನಲ್ಲಿ, ಕಚ್ಛದ ಚಿಕ್ಕ ರಣದ ಅಗರಿಯಾ ಕುಟುಂಬಗಳು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತು ತೆಗೆದ ಉಪ್ಪಿಗೆ ಗದ್ದೆಯ ಬದುವಿನಲ್ಲಿ ಸಿಗುವ ಬೆಲೆ ಅತ್ಯಲ್ಪ. ದೂರದ ಊರಿಗೆ ತಲಪುವ ವೇಳೆಗೆ ಸಾಗಣೆಯ ಕೂಲಿಯೇ ಸರಕಿನ ಬೆಲೆಯನ್ನು ಮೀರುವುದುಂಟು.

ಒಣ ಉಪ್ಪಿಗೆ ಇರುವ ಬೇಡಿಕೆಯ ಗುಟ್ಟೂ ಇದೇ. ಗುಜರಾತಿನಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಪುಣೆ, ಸೋಲಾಪುರ, ಉಮರ್ಗಾಗಳನ್ನು ಹಾದು, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಮುಂದಿನಿಂದ ಹುಮನಾಬಾದಿಗೆ ಬರುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ತಾಡಪತ್ರಿ ಹೊದಿಸಿದ ಲಾರಿಯಲ್ಲಿ ಸರಕು ತರಿಸತಕ್ಕವನು, ಉಪ್ಪಿನೊಳಗಿನ ತೇವಕ್ಕೂ ಬಾಡಿಗೆ ತೆರಲು ಏಕೆ ಒಪ್ಪಿಯಾನು? ತೇವವಿದ್ದ ಉಪ್ಪು ಮಳೆಗಾಲದಲ್ಲಿ ಚೀಲದೊಳಗೇ ಗಟ್ಟಿಯಾಗಿ, ಹಾರೆಯಿಂದ ಒಡೆಯಬೇಕಾದ ಹೆಂಟೆಯಾಗುತ್ತದೆ. 2017ರಲ್ಲಿ ಹುಮನಾಬಾದನ್ನು ಹಾಯುವ ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾದ ಮೇಲೆ ಈ ಸಾಗಣೆಗೆ ಎರಡನೆಯ ದಾರಿಯೊಂದು ತೆರೆಯಿತೆಂಬುದು ಸಂತೋಷದ ಸಂಗತಿಯೇ.

ಇಷ್ಟು ದೂರ ಬಂದ ಉಪ್ಪು ಇಲ್ಲಿ ಮಾಡತಕ್ಕ ಕೆಲಸವೇನು? ಬಸಾಲ್ಟ್ ಶಿಲೆಯ ಸಂದುಗಳಲ್ಲಿ ನಿಂತ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡುಸು; ಅದನ್ನು ಹಾಗೆಯೇ ಬಾಯ್ಲರಿಗೆ ಬಿಟ್ಟರೆ ಕೊಳವೆಗಳ ಒಳಮೈಯಲ್ಲಿ ಸುಣ್ಣದ ಪೊರೆ ಕಟ್ಟಿ ಉರುವಲು ವ್ಯರ್ಥವಾಗುತ್ತದೆ, ಕೊಳವೆಯೇ ಸಿಡಿಯುವುದೂ ಉಂಟು. ಆದ್ದರಿಂದ ನೀರನ್ನು ಮೊದಲು ರಾಳದ ಸಣ್ಣ ಹರಳುಗಳ ಹಾಸಿನ ಮೂಲಕ ಹಾಯಿಸುತ್ತಾರೆ. ಹರಳುಗಳು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದಿಟ್ಟುಕೊಂಡು ತಮ್ಮಲ್ಲಿದ್ದ ಸೋಡಿಯಮನ್ನು ನೀರಿಗೆ ಬಿಡುತ್ತವೆ. ಹರಳುಗಳ ಶಕ್ತಿ ಮುಗಿದ ಹೊತ್ತಿಗೆ ಕೆಲಸಗಾರನು ಚೀಲ ಬಿಚ್ಚಿ ತೊಟ್ಟಿಯಲ್ಲಿ ಉಪ್ಪು ಕದಡಿ, ನೂರಕ್ಕೆ ಹತ್ತರಷ್ಟು ಉಪ್ಪಿರುವ ಆ ನೀರನ್ನು ಹಾಸಿನ ಮೇಲೆ ಹಾಯಿಸುತ್ತಾನೆ. ಹಿಡಿದಿಟ್ಟ ಗಡಸುತನವನ್ನೆಲ್ಲ ಹೊತ್ತುಕೊಂಡು ಉಪ್ಪುನೀರು ತಳದಿಂದ ಹೊರಬೀಳುತ್ತದೆ. ಔಷಧ, ರಾಸಾಯನಿಕಗಳನ್ನು ತಯಾರಿಸತಕ್ಕ ಘಟಕಗಳಲ್ಲಿಯಂತೂ ಆಮ್ಲ, ಕ್ಷಾರಗಳನ್ನು ಪರಸ್ಪರ ಶಮನಗೊಳಿಸುವಾಗಲೇ ಹೊಸ ಉಪ್ಪು ಹುಟ್ಟುತ್ತದೆ.

ಉಪ್ಪು ಕೊಳೆಯುವುದಿಲ್ಲ, ಹುದುಗುವುದಿಲ್ಲ, ಯಾವ ಸೂಕ್ಷ್ಮಾಣುವೂ ಅದನ್ನು ತಿಂದು ತೇಗುವುದಿಲ್ಲ. ಕರಾವಳಿಯ ಕಾರ್ಖಾನೆಗೆ ಹತ್ತಿರದಲ್ಲಿ ಕಡಲಿದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ಇರುವುದು ಹಳ್ಳ, ಬಾವಿ, ಹೊಲ. ಈ ಎರೆಮಣ್ಣಿಗೆ ಸೋಡಿಯಂ ಸೇರಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮೇಲೆ ಹೆಪ್ಪುಗಟ್ಟಿ, ಕೆಳಗೆ ನೀರಿಳಿಯದು. ಜೋಳ ಒಂದಿಷ್ಟು ತಾಳಿಕೊಂಡೀತು. ಈ ಸೀಮೆಯ ಬಾಳುವೆಯೇ ಆಗಿರುವ ತೊಗರಿ, ಹೆಸರು, ಉದ್ದುಗಳು ತಾಳಲಾರವು. ಕೈಗಾರಿಕಾ ಪ್ರದೇಶದ ಆಸುಪಾಸಿನ ಗಡವಂತಿಯಂಥ ಹಳ್ಳಿಗಳ ಜನ ದುರ್ಗಂಧದ ಗಾಳಿ, ಕೆಟ್ಟ ನೀರುಗಳ ಕುರಿತು ವರ್ಷಗಳಿಂದ ದೂರುತ್ತಲೇ ಬಂದಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ನಮ್ಮ ನಾಡಿನ ನ್ಯಾಯ. ಇಲ್ಲಿ ತಿಂದವನೊಬ್ಬ, ನೀರು ಕುಡಿಯತಕ್ಕವನು ಮತ್ತೊಬ್ಬ.

ತಮಿಳುನಾಡಿನ ತಿರುಪ್ಪೂರು ಈ ವಿಷಯದಲ್ಲಿ ನಮಗೆ ಮುಂದಾಗಿ ನಡೆದು ಪೆಟ್ಟು ತಿಂದ ಊರು. ಬಣ್ಣ ಹಾಕುವ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಹರಿದು, ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತು, ನೀರಾವರಿಗೆಂದು ಕಟ್ಟಿಸಿದ ಜಲಾಶಯದ ನೀರೇ ರೈತರಿಗೆ ಬೇಡವಾಯಿತು. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಘಟಕಗಳನ್ನು ಮುಚ್ಚಿಸಿದ ಮೇಲೆಯೇ ಉಪ್ಪುನೀರನ್ನು ಶುದ್ಧಗೊಳಿಸಿ ಮತ್ತೆ ಬಣ್ಣದ ತೊಟ್ಟಿಗೆ ತಿರುಗಿಸುವ ಕ್ರಮ ಬಿಗಿಯಾಯಿತು. ಮಾಡಲು ಸಾಧ್ಯವಿದ್ದುದನ್ನೇ ಅಲ್ಲಿ ತಡವಾಗಿ ಮಾಡಿದರು.

ನಾನು ಕಾರ್ಖಾನೆಗಳ ವಿರೋಧಿಯಲ್ಲ. ವಲಸೆ ಹೋಗತಕ್ಕ ಯುವಕರಿಗೆ ಊರಿನಲ್ಲೇ ದುಡಿಮೆ ಸಿಗಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಾನು ಕೇಳುವುದು ಒಂದು ಲೆಕ್ಕವನ್ನು. ತೂಕದ ಚೀಟಿಯಿಲ್ಲದೆ ಉಪ್ಪಿನ ಲಾರಿ ಕಾರ್ಖಾನೆಯ ಬಾಗಿಲು ದಾಟುವುದಿಲ್ಲವಷ್ಟೆ. ಒಳಬಂದ ಉಪ್ಪೆಷ್ಟು, ಸರಕಿನೊಡನೆ ಹೊರಹೋದದ್ದೆಷ್ಟು, ನೀರನ್ನು ಆವಿಗೊಳಿಸಿ ಉಳಿಸಿದ ಒಣ ಉಪ್ಪೆಷ್ಟು, ಅದು ಯಾವ ಲಾರಿಯಲ್ಲಿ ಯಾವ ಸುರಕ್ಷಿತ ಹೂಳುತಾಣಕ್ಕೆ ಹೋಯಿತು ಎಂಬ ನಾಲ್ಕು ವಿವರಗಳನ್ನು ಪ್ರತಿ ಘಟಕವೂ ತಿಂಗಳಿಗೊಮ್ಮೆ ಪ್ರಕಟಿಸುವಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಧಿಸತಕ್ಕದ್ದು. ಅಂಕಿಗಳು ತಾಳೆಯಾಗದಿದ್ದರೆ ಉಳಿದ ಉಪ್ಪು ನೆಲಕ್ಕಿಳಿದಿದೆಯೆಂದೇ ಭಾವಿಸಿ ವಿಚಾರಣೆ ಆರಂಭವಾಗಲಿ. ಇಂಥ ತ್ಯಾಜ್ಯವನ್ನು ಹುಗಿಯಲು ಸುಮಾರು 600 ಕಿಲೋಮೀಟರ್ ದೂರದ ದಾಬಸ್‌ಪೇಟೆಯಂಥ ತಾಣವನ್ನೇ ನೆಚ್ಚಿಕೊಂಡರೆ ಸಾಗಣೆಯ ವೆಚ್ಚವೇ ಕಳ್ಳದಾರಿಗೆ ಪ್ರೇರಣೆಯಾದೀತು. ಉಪ್ಪನ್ನು ಶೋಧಿಸಿ ಮರುಬಳಕೆಗೆ ತರತಕ್ಕ ಸಾಮೂಹಿಕ ಕೇಂದ್ರವೊಂದನ್ನು ಹುಮನಾಬಾದಿನಲ್ಲೇ, ಘಟಕಗಳ ಖರ್ಚಿನಲ್ಲಿ, ಸ್ಥಾಪಿಸುವುದು ಯುಕ್ತ.

ಬಾವಿಗಳ ಪರೀಕ್ಷೆಯೂ ಇದರ ಜೊತೆಗೇ ನಡೆಯಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರುವುದು ಒಪ್ಪತಕ್ಕ ಮಿತಿ, ಬೇರೆ ನೀರೇ ಇಲ್ಲದ ಕಡೆ 1000 ಎಂದು ಭಾರತೀಯ ಮಾನಕ ಹೇಳುತ್ತದೆ. ಹುಮನಾಬಾದಿನ ಸುತ್ತಣ ಹಳ್ಳಿಗಳಲ್ಲಿ ಮುಂಗಾರಿನ ಮೊದಲೊಮ್ಮೆ, ಆಮೇಲೊಮ್ಮೆ ಈ ಅಂಕಿಯನ್ನು ಅಳೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಬಸವಕಲ್ಯಾಣದ ಕಡೆಗೆ ಹೊಸ ಘಟಕಗಳನ್ನು ಕರೆತರಲು ಹೊರಟವರು, ಮುಲ್ಲಾಮಾರಿ, ಚುಳಕಿ ನಾಲಾಗಳ ಜಲಾನಯನದ ಬಾವಿಗಳನ್ನು ಮೊದಲ ಇಟ್ಟಿಗೆ ಇಡುವುದಕ್ಕೆ ಮುಂಚೆಯೇ ಅಳೆಸತಕ್ಕದ್ದು. ಆ ಮೊದಲ ಅಂಕಿ ಕಡತದಲ್ಲಿಲ್ಲವಾದರೆ, ಮುಂದೆ ಹೊಲ ಕೆಟ್ಟ ರೈತನು ಯಾವ ನ್ಯಾಯಾಲಯದಲ್ಲಿಯೂ ತನ್ನ ನಷ್ಟವನ್ನು ಸಾಬೀತುಪಡಿಸಲಾರನು. ಇದರ ವೆಚ್ಚವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಈ ವರ್ಷವೇ ವಹಿಸಿಕೊಳ್ಳಬೇಕು.