ಯಂತ್ರ ಕೊಟ್ಟಿರಿ, ಬ್ಲೇಡು ಕಟ್ಟುವುದನ್ನು ಯಾರು ಹೇಳಿಕೊಡಬೇಕಿತ್ತು?

‘ಕುಶಲಕರ್ಮಿಗಳ ಕೈಗೆ ಆಧುನಿಕ ಯಂತ್ರ’ ಅಂತ ಒಂದು ಸುದ್ದಿಯನ್ನು ನಾವೇ ಬರೆದಿದ್ದೆವು. ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಒಂದು ಸಣ್ಣ ಗುಂಪಿಗೆ ಸಹಾಯಧನದಲ್ಲಿ ಬ್ಯಾಂಡ್ ಸಾ ಬಂದಿತ್ತು. ಟೇಪು ಕತ್ತರಿಸಿದರು, ಯಂತ್ರಕ್ಕೆ ಹಾರ ಹಾಕಿದರು, ಭಾಷಣವಾಯಿತು, ಕೇಸರಿಬಾತು ಬಂತು. ನಾವು ಫೋಟೊ ತೆಗೆದು, ಎರಡು ಕಾಲಂ ಸುದ್ದಿ ಕಳಿಸಿ, ಅದಕ್ಕೆ ಬರಬೇಕಾದ ಪುಡಿಗಾಸಿನ ಲೆಕ್ಕ ಡೈರಿಯಲ್ಲಿ ಬರೆದುಕೊಂಡು ಮರೆತೆವು.

ಎಂಟು ತಿಂಗಳ ಮೇಲೆ ಬೇರೆ ಯಾವುದೋ ಸುದ್ದಿಗೆಂದು ಅದೇ ಗಲ್ಲಿಗೆ ಹೋದರೆ, ಯಂತ್ರದ ಮೇಜಿನ ಮೇಲೆ ಟೀ ಲೋಟ, ಅಂಟಿನ ಡಬ್ಬ, ಒಣಗಲು ಹರವಿದ ಟವೆಲ್ಲು. ‘ಯಾಕೆ ಚಾಚಾ, ಕರೆಂಟಿಲ್ಲವಾ?’ ಅಂದೆವು. ಅವರು ಮಾತಾಡದೆ ಒಂದು ಹಾಳೆ ತಂದು ಕೈಗಿಟ್ಟರು. ಹಲಸಿನ ಮರವನ್ನು ಸೀಳಿ ತೆಗೆದ ತೆಳು ಹಾಳೆ. ಒಂದು ಅಂಚು ಬೆಂಕಿಕಡ್ಡಿಯಷ್ಟು ದಪ್ಪ, ಇನ್ನೊಂದು ಅಂಚು ಪೋಸ್ಟ್ ಕಾರ್ಡಿನಷ್ಟು. ನಡುವೆ ಹೊಟ್ಟೆ ಬಂದಿತ್ತು. ‘ಇಲಾಖೆಯವರಿಗೆ ಹೇಳಿದೆ. ಮೆಷಿನ್ನಿನ ಗುಣವೇ ಅಷ್ಟು, ಎಡಕ್ಕೆ ಎಳೀತದೆ, ನಿಮ್ಮ ಕೈ ಪಳಗಬೇಕು ಅಂದರು’ ಅಂತ ಹೇಳಿ ನಕ್ಕರು. ನಲವತ್ತು ವರ್ಷ ಬೀಟೆ ಹಲಗೆಯಲ್ಲಿ ಆನೆ, ನವಿಲು, ದಸರಾ ಮೆರವಣಿಗೆ ಕೂರಿಸಿದ ಕೈ ಅದು. ಅದಿನ್ನೂ ಪಳಗಬೇಕಂತೆ!

ನಮ್ಮ ತಕರಾರು ಇಲ್ಲಿಂದ ಶುರು. ಯಂತ್ರ ಕೆಟ್ಟದ್ದಲ್ಲ, ಕೈಯೂ ಕೆಟ್ಟದ್ದಲ್ಲ. ಕಬ್ಬಿಣದ ಒಂದು ಗೂಡನ್ನು ಅಂಗಡಿಯಿಂದ ತಂದು ಇಳಿಸಿ, ಪ್ಲಗ್ಗು ಚುಚ್ಚಿ, ಸಹಿ ಹಾಕಿಸಿಕೊಂಡು ಹೋದದ್ದನ್ನೇ ‘ಯಂತ್ರ ಒದಗಿಸಲಾಗಿದೆ’ ಅಂತ ಕಡತದಲ್ಲಿ ಬರೆದದ್ದು ಸುಳ್ಳು. ಆ ಸುಳ್ಳನ್ನು ಅಚ್ಚು ಹಾಕಿಸಿದವರು ನಾವು.

ಇದರಲ್ಲಿ ನಷ್ಟ ಎಷ್ಟು ಅಂತ ಲೆಕ್ಕ ಹಾಕಿ. ಒಂದಿಂಚು ದಪ್ಪದ ಹಲಗೆ ಅಂದರೆ ಇಪ್ಪತ್ತೈದು ಮಿಲಿಮೀಟರ್. ಒಂದೂವರೆ ಮಿಲಿಮೀಟರಿನ ಹಾಳೆ ಬೇಕು, ಬ್ಲೇಡು ತಿನ್ನುವ ದಾರಿ ಒಂದು ಮಿಲಿಮೀಟರ್ ಅಂದುಕೊಳ್ಳಿ. ಹತ್ತು ಹಾಳೆ, ಒಂಬತ್ತು ಸೀಳು: 24 ಮಿಲಿಮೀಟರಿಗೆ ಮುಗಿಯಿತು. ಬ್ಲೇಡು ಒಳಗೊಳಗೇ ಒಂದು ಮಿಲಿಮೀಟರ್ ಅಲೆದಾಡಿದರೆ ಹಾಳೆಯನ್ನು ಎರಡೂವರೆ ಮಿಲಿಮೀಟರಿಗೇ ಸೀಳಬೇಕು, ಆಮೇಲೆ ಉಬ್ಬುತಗ್ಗನ್ನೆಲ್ಲ ಉಜ್ಜಿ ಪುಡಿ ಮಾಡಬೇಕು. ಆಗ ಅದೇ ಹಲಗೆಯಲ್ಲಿ ಏಳೇ ಹಾಳೆ. ಹಲಸಾದರೆ ಹೇಗೋ ತಡೆದುಕೊಳ್ಳಬಹುದು. ಬೀಟೆ? ಅದರ ಕುಲವನ್ನೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದ್ದಾರೆ. ಕಾಗದಪತ್ರ ಹಿಡಿದು ಅಲೆದು ತಂದ ಮರದ ಹತ್ತರಲ್ಲಿ ಮೂರು ಪಾಲು ಹೊಟ್ಟಾಗಿ ಗಾಳಿಗೆ ಹೋಗುತ್ತದೆ, ಒಂದಿಷ್ಟು ಅದನ್ನು ಉಸಿರಾಡುವವರ ಎದೆಗೂ ಹೋಗುತ್ತದೆ.

‘ಕಾರ್ಖಾನೆಯ ವೆನೀರ್ ತಂದರಾಯಿತಲ್ಲ’ ಅನ್ನುವ ಬುದ್ಧಿವಂತರಿದ್ದಾರೆ. ಅದು ಮರವನ್ನು ಬೇಯಿಸಿ ಚೂರಿಯಿಂದ ಹೆರೆದದ್ದು, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಇನ್‌ಲೇಯಲ್ಲಿ ಬೀಟೆ ಹಲಗೆಯನ್ನು ಉಳಿಯಿಂದ ತೋಡಿ, ಬೇರೆ ಬಣ್ಣದ ಮರದ ತುಣುಕನ್ನು ಅಂಟಿಸಿ, ಆಮೇಲೆ ಎರಡೂ ಒಂದೇ ಮಟ್ಟಕ್ಕೆ ಬರುವ ತನಕ ಉಜ್ಜುತ್ತಾರೆ. ಆ ಉಜ್ಜಾಟಕ್ಕೆ ಅರ್ಧ ಮಿಲಿಮೀಟರ್ ಎಲ್ಲಿ ತಾಳೀತು? ನವಿಲಿನ ಕುತ್ತಿಗೆಯ ಕೆಳಗೆ ಅಂಟು ಇಣುಕುತ್ತದೆ. ಇನ್ನೊಂದು ಗುಂಪಿದೆ, ‘ಯಂತ್ರ ಬಂದರೆ ಪರಂಪರೆ ಸತ್ತಿತು’ ಅಂತ ಬೆಂಗಳೂರಿನಿಂದ ಬಂದು ಮರುಗುವವರದ್ದು. ಅವರಿಗೆ ಒಂದು ಕೈಗರಗಸ ಕೊಟ್ಟು ಒಂದಡಿ ಬೀಟೆ ಸೀಳಿಸಬೇಕು. ಕೈಯ ಜಾಣ್ಮೆ ಇರುವುದು ಚಿತ್ರದ ತುಣುಕು ಕತ್ತರಿಸುವುದರಲ್ಲಿ, ತೋಡುವುದರಲ್ಲಿ. ಸೀಳುವುದು ಬರೀ ರಟ್ಟೆಯ ಸವೆತ.

ಸರಿ, ಬೈದದ್ದಾಯಿತು. ಒಂದು ಭಾನುವಾರ ಪರಿಚಯದ ಸಾ ಮಿಲ್ಲಿನ ಮೇಸ್ತ್ರಿಯೊಬ್ಬರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ಅವರು ಯಂತ್ರದ ಬಾಗಿಲು ತೆಗೆದು ಬ್ಲೇಡು ನೋಡಿದವರೇ, ‘ಇದರಲ್ಲಿ ಸೀಳ್ತಿದ್ದಿರಾ ಚಾಚಾ?’ ಅಂದರು. ಕಾಲಿಂಚು ಅಗಲದ, ಸಣ್ಣ ಸಣ್ಣ ಹಲ್ಲಿನ ಬ್ಲೇಡು. ಅದು ತಿರುವು ಕತ್ತರಿಸಲು ಇರುವಂಥದ್ದು. ಐದಾರಿಂಚು ಎತ್ತರದ ಹಲಗೆಯಲ್ಲಿ ಹಲ್ಲಿನ ಸಂದಿ ಪುಡಿಯಿಂದ ತುಂಬಿ, ಬ್ಲೇಡು ಕಾದು, ದಾರಿ ತಪ್ಪುತ್ತದೆ. ಸೀಳಲು ಅರ್ಧ ಇಂಚಾದರೂ ಅಗಲ ಬೇಕು, ಇಂಚಿಗೆ ಮೂರು ಹಲ್ಲು ಸಾಕು. ಪೇಟೆ ಸುತ್ತಿ ಅಂಥದ್ದೊಂದು ತಂದೆವು.

ಆಮೇಲಿನ ಮೂರು ಗಂಟೆಯನ್ನು ನಾವು ಪೂರ್ತಿ ಬರೆದುಕೊಂಡಿದ್ದೇವೆ, ಯಾಕೆಂದರೆ ಯಂತ್ರ ಕೊಟ್ಟ ದಿನ ಆಗಬೇಕಿದ್ದದ್ದು ಇದೇ. ಮೊದಲು ಪ್ಲಗ್ಗು ಕಿತ್ತರು. ಬ್ಲೇಡನ್ನು ಹಿಡಿದಿಡುವ ಗೈಡುಗಳನ್ನು, ಮೇಲಿನದನ್ನೂ ಕೆಳಗಿನದನ್ನೂ, ದೂರ ಸರಿಸಿದರು. ಎಲ್ಲರೂ ತಪ್ಪುವುದು ಇಲ್ಲೇ ಅಂದರು: ಗೈಡು ಒತ್ತಿ ಬ್ಲೇಡನ್ನು ನೇರ ಮಾಡಲು ಹೋಗುತ್ತಾರೆ. ಬ್ಲೇಡು ತಾನಾಗಿ ನೇರ ಓಡಬೇಕು, ಗೈಡು ಬರೀ ಕಾವಲು. ಬ್ಲೇಡು ಹಾಕಿ ಬಿಗಿ ಮಾಡಿ, ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಅದರ ಓರೆಯನ್ನು ಚೂರುಚೂರೇ ಬದಲಿಸಿ, ರಬ್ಬರ್ ಪಟ್ಟಿಯ ಉಬ್ಬಿನ ನಡುವೆ ಬ್ಲೇಡು ನಿಲ್ಲುವಂತೆ ಮಾಡಿದರು. ಪಕ್ಕದ ಗೈಡು ಒಂದು ಕಾಗದ ತೂರುವಷ್ಟು ಸಂದಿ ಬಿಟ್ಟು, ಹಲ್ಲಿನ ಬುಡಕ್ಕಿಂತ ತುಸು ಹಿಂದೆ. ಹಲ್ಲಿಗೆ ತಾಗಿದರೆ ಹಲ್ಲು ಹೋಯಿತು. ಹಿಂದಿನ ಬೇರಿಂಗು ಖಾಲಿ ಓಡುವಾಗ ಮುಟ್ಟಬಾರದು, ಮರ ತಳ್ಳಿದಾಗ ಮಾತ್ರ ಮುಟ್ಟಬೇಕು.

ಮೇಜು ಬ್ಲೇಡಿಗೆ ಸರಿಯಾಗಿ ತೊಂಬತ್ತು ಡಿಗ್ರಿ ಇದೆಯೋ ಅಂತ ಮೂಲೆಮಟ್ಟ ಇಟ್ಟು ನೋಡಿದರು. ಅಷ್ಟಕ್ಕೇ ನಂಬಲಿಲ್ಲ. ಒಂದು ಎತ್ತರದ ಮರದ ತುಂಡಿಗೆ ಸಣ್ಣ ಗಾಯ ಮಾಡಿ, ತುಂಡನ್ನು ಬ್ಲೇಡಿನ ಹಿಂದಕ್ಕೆ ತಂದು, ಬ್ಲೇಡಿನ ಬೆನ್ನು ಅದೇ ಗಾಯದೊಳಗೆ ಸಲೀಸಾಗಿ ಕೂರುತ್ತದೋ ನೋಡಿದರು. ಕೂರಲಿಲ್ಲ. ಮೇಜಿನ ಕೆಳಗಿನ ಬೋಲ್ಟು ಅರ್ಧ ಸುತ್ತು ತಿರುಗಿಸಿದ ಮೇಲೆ ಕೂತಿತು. ಎಂಟು ತಿಂಗಳು, ಅರ್ಧ ಸುತ್ತು!

‘ಎಡಕ್ಕೆ ಎಳೆಯುವ ಗುಣ’ವನ್ನು ಕೊನೆಗೆ ಪರೀಕ್ಷಿಸಿದರು. ಬೇಡದ ಹಲಗೆಯ ಮೇಲೆ ಅಂಚಿಗೆ ಸಮನಾಗಿ ಪೆನ್ಸಿಲ್ ಗೆರೆ ಎಳೆದು, ಯಾವುದಕ್ಕೂ ಆನಿಸದೆ ಗೆರೆಯುದ್ದ ಸೀಳುತ್ತ ಹೋಗಿ, ಅರ್ಧದಲ್ಲಿ ನಿಲ್ಲಿಸಿದರು. ಹಲಗೆ ಎಷ್ಟು ಓರೆಯಾಗಿ ನಿಂತಿದೆಯೋ ಅಷ್ಟೇ ಓರೆಗೆ ಫೆನ್ಸನ್ನು, ಅಂದರೆ ಹಲಗೆ ಆನಿಸಿ ತಳ್ಳುವ ಗೋಡೆಯನ್ನು, ತಿರುಗಿಸುವುದು. ಆದರೆ ಹೊಸ ಬ್ಲೇಡು ಸರಿಯಾಗಿ ಕೂತ ಮೇಲೆ ಆ ಓರೆ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ಎಳೆಯುವುದು ಯಂತ್ರದ ಗುಣವಾಗಿದ್ದರೆ ಬ್ಲೇಡು ಬದಲಿಸಿದ ಕೂಡಲೇ ಎಲ್ಲಿ ಹೋಯಿತು? ಒಂದು ಪಕ್ಕದ ಹಲ್ಲು ಮೊಂಡಾದರೂ ಬ್ಲೇಡು ಎಳೆಯುತ್ತದೆ. ಬೀಟೆಯೊಳಗೆ ಸುಣ್ಣದಂಥ ಗಟ್ಟಿ ಕಣಗಳಿರುತ್ತವೆ, ಹಲ್ಲು ಬೇಗ ಮೊಂಡಾಗುವುದು ಅದಕ್ಕೇ.

ಗಿಡ್ಡ ಫೆನ್ಸಿಗೆ ಎತ್ತರದ ಪ್ಲೈವುಡ್ ಹಲಗೆ ಬಿಗಿದರು. ಮರವನ್ನು ಫೆನ್ಸಿಗೆ ಒತ್ತುವ ಪಟ್ಟಿ ಹಲ್ಲಿಗಿಂತ ಮುಂಚೆಯೇ ಇರಲಿ, ಹಲ್ಲು ದಾಟಿ ಒತ್ತಿದರೆ ಸೀಳು ಮುಚ್ಚಿ ಬ್ಲೇಡನ್ನು ಹಿಡಿಯುತ್ತದೆ ಅಂದರು. ಒಂದೊಂದು ಹಾಳೆ ತೆಗೆದ ಮೇಲೂ ಹಲಗೆಯ ಮುಖಕ್ಕೆ ತೋಪಡ ಹೊಡೆದೇ ಮುಂದಿನ ಸೀಳು. ಮೇಲಿನ ಗೈಡು ಹಲಗೆಗೆ ತಾಗದೆ, ಅದರ ತೀರ ಹತ್ತಿರಕ್ಕೆ ಇಳಿದಿರಬೇಕು, ಕೊನೆಯ ನಾಲ್ಕಿಂಚು ಕೋಲಿನಿಂದ ತಳ್ಳಬೇಕು, ಬೆರಳಿನಿಂದಲ್ಲ. ಚಾಚಾ ಪ್ಲಗ್ಗು ಹಾಕಿ ನಿಧಾನಕ್ಕೆ ತಳ್ಳಿದರು. ಬಂದ ಹಾಳೆಯ ಎರಡೂ ಅಂಚು ಹೆಬ್ಬೆರಳಿನಲ್ಲಿ ಸವರಿ, ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

ನಾವು ಕೇಳುವುದು ದೊಡ್ಡದೇನಲ್ಲ. ಯಂತ್ರದ ಬಿಲ್ಲಿನ ಜೊತೆಗೆ ಆ ಕೆಲಸಕ್ಕೆ ತಕ್ಕ ನಾಲ್ಕು ಬ್ಲೇಡಿನ ಬಿಲ್ಲು ಇರಲಿ. ಬ್ಲೇಡು ಕಟ್ಟಲು ಬಲ್ಲ ಒಬ್ಬ ಮೇಸ್ತ್ರಿಗೆ ಎರಡು ದಿನದ ಕೂಲಿ ಇರಲಿ. ಉದ್ಘಾಟನೆಯ ಶಾಮಿಯಾನಕ್ಕಿಂತ ಅದು ಅಗ್ಗ. ನಾವೂ ಅಷ್ಟೆ, ಟೇಪು ಕತ್ತರಿಸಿದ ಸುದ್ದಿ ಬರೆದವರು ಆರು ತಿಂಗಳ ಮೇಲೆ ಹೋಗಿ ಹೊಟ್ಟಿನ ರಾಶಿ ನೋಡಿ ಬರೋಣ. ಆ ಸುದ್ದಿಗೆ ಡೆಸ್ಕಿನವರು ಜಾಗ ಕೊಡುವುದಿಲ್ಲ ಅಂತ ಗೊತ್ತು. ಕಳಿಸಿ ನೋಡಿದ್ದೇವೆ.

ಆ ಭಾನುವಾರ ಮೇಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ, ಬಿರಿಯಾನಿ ತಿಂದು ಹೋದರು. ಬ್ಲೇಡಿನ ದುಡ್ಡು ಚಾಚಾ ತಮ್ಮ ಜೇಬಿನಿಂದ ಕೊಟ್ಟರು. ಅದು ಮೊಂಡಾದ ಮೇಲೆ ಇನ್ನೊಂದಕ್ಕೆ ಕೇಳಿಕೊಳ್ಳಲು, ಅವರ ಬಳಿ ಇರುವ ಯೋಜನೆಯ ಅರ್ಜಿಯಲ್ಲಿ ಕಾಲಂ ಇಲ್ಲ.