ಯಂತ್ರವೂ ಮನುಷ್ಯರೂ

ಸಂಸ್ಥೆಗಳಲ್ಲಿ ಹೊಸ ಪದ್ಧತಿಗಳು ನೆಲೆಗೊಳ್ಳುವುದು ಯಾವುದರಿಂದ? ಧನದಿಂದಲೆಂದು ಕೆಲವರು, ಯಂತ್ರಗಳಿಂದಲೆಂದು ಕೆಲವರು, ಮೇಲಧಿಕಾರಿಗಳ ಆಜ್ಞೆಯಿಂದಲೆಂದು ಮತ್ತೆ ಕೆಲವರು ಹೇಳುವರು. ಇವೆಲ್ಲವೂ ಬೇಕಾದುವೇ ಸರಿ. ಆದರೆ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವು ಕರಣಗಳೇ ಹೊರತು ಕರ್ತೃಗಳಲ್ಲ. ಕೊಡಲಿಯಿಂದ ಮರವನ್ನು ಕಡಿಯುವರು, ನಿಜ. ಆದರೆ ಕಡಿಯುವವನಿಲ್ಲದೆ ಕೊಡಲಿಯು ನೆಲದಿಂದ ಮೇಲೇಳದು. ಸಂಸ್ಥೆಗಳಲ್ಲಿ ಕರ್ತೃವೆಂದರೆ ಮನುಷ್ಯನೇ.

1904ರಲ್ಲಿ ಅಂದಿನ ಸರ್ಕಾರವು ಸಹಕಾರಿ ಪತ್ತಿನ ಸಂಘಗಳ ಕಾನೂನನ್ನು ಮಾಡಿತು. ಆದರೆ ಕಾನೂನು ತಾನಾಗಿಯೇ ರೈತನ ಮನೆಗೆ ನಡೆದು ಬರಲಿಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘವನ್ನು ಸ್ಥಾಪಿಸಿದರು. ಕಾಗದದ ಮೇಲಿದ್ದ ವಿಚಾರಕ್ಕೆ ಹೀಗೆ ಜೀವವು ಬಂದಿತು. ನೆರೆಹೊರೆಯವರು ಒಬ್ಬರಿಗೊಬ್ಬರು ಹೊಣೆಯಾಗಲು ಒಪ್ಪದಿದ್ದರೆ ಇಂಥ ಸಂಘವು ಒಂದು ವರ್ಷವೂ ಬಾಳಲಾರದು.

ಅಷ್ಟು ದೂರ ಹೋಗುವುದೇಕೆ? ನಮ್ಮ ಯಾದಗಿರಿ ಸೀಮೆಯಲ್ಲಿಯೇ ನೋಡಬಹುದು. ಸುರಪುರದ ಬಳಿಯ ಬೋನಾಳ ಕೆರೆಯನ್ನು ಅಲ್ಲಿಯ ಅರಸರು ಕಟ್ಟಿಸಿದರು. 19ನೆಯ ಶತಮಾನದಲ್ಲಿ ಮೆಡೋಸ್ ಟೇಲರರು ಅದನ್ನು ಸುಧಾರಿಸಿದರು. ಇವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಆದರೆ ನಮ್ಮ ನಾಡಿನ ಯಾವ ಕೆರೆಯಾದರೂ ಬಾಳಿದ್ದು ತೂಬನ್ನು ಕಾದು ನೀರನ್ನು ಹಂಚಿದ ನೀರಗಂಟಿಗಳಿಂದ; ಅವರ ಹೆಸರು ಯಾವ ಗ್ರಂಥದಲ್ಲಿದೆ?

ಇಂದು ನಾರಾಯಣಪುರ ಎಡದಂಡೆ ಕಾಲುವೆಯು ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತಿದೆ. ಅದರ ನವೀಕರಣ ಯೋಜನೆಯು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಉದ್ಘಾಟಿತವಾಯಿತು. ವೆಚ್ಚವು ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಸಾಮರ್ಥ್ಯವು 10,000 ಕ್ಯೂಸೆಕ್. ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರು. ದೂರದಿಂದಲೇ ಗೇಟುಗಳನ್ನು ಏರಿಸಿ ಇಳಿಸುವ, ಹರಿದ ನೀರನ್ನು ಅಳೆಯುವ ಯಂತ್ರಗಳೂ ಬಂದಿವೆ. ಇದು ಸಂತೋಷದ ಸಂಗತಿಯೇ. ಆದರೆ ಮೇಲ್ಭಾಗದವರು ನಿಯಮವನ್ನು ಮೀರಿ ಭತ್ತವನ್ನು ನೆಟ್ಟರೆ ಕೊನೆಯ ಭಾಗದವರ ಬೆಳೆಯು ಒಣಗುವುದೆಂಬ ಹಳೆಯ ವ್ಯಥೆಯನ್ನು ಯಂತ್ರವೊಂದೇ ನೀಗಲಾರದು. ಯಂತ್ರವು ಎಷ್ಟು ನೀರು ಹರಿಯಿತೆಂದು ಹೇಳೀತು. ಯಾವ ಹೊಲಗಾಲುವೆಯಲ್ಲಿ ಹೂಳು ತುಂಬಿದೆ, ಯಾವ ಹೊಲವು ಏರಿನಲ್ಲಿದೆ ಎಂಬುದನ್ನು ದಿನವೂ ದಂಡೆಯ ಮೇಲೆ ನಡೆಯುವವನೇ ಬಲ್ಲನು. ನೀರು ಬಳಕೆದಾರರ ಸಂಘಗಳಲ್ಲಿ ಮೇಲಿನವರೂ ಕೊನೆಯವರೂ ಒಂದೇ ಜಮಖಾನೆಯ ಮೇಲೆ ಕುಳಿತು ವಾರಾಬಂದಿಯನ್ನು ಗೊತ್ತುಮಾಡಿಕೊಂಡರೆ ಯಂತ್ರವು ಅವರದಾಗುವುದು. ತಮ್ಮದೆಂದು ತೋರಿದುದನ್ನು ಜನರು ಕಾಯುವರು. ಪರರದೆಂದು ತೋರಿದುದನ್ನು ಕೆಡಲು ಬಿಡುವರು.

ಆದುದರಿಂದ ಸಂಘಗಳ ಅಧ್ಯಕ್ಷರಿಗೂ ಕಚೇರಿಗಳ ಮುಖ್ಯಸ್ಥರಿಗೂ ನಮ್ಮ ವಿಜ್ಞಾಪನೆಯಿಷ್ಟೆ. ಸಭೆಯಲ್ಲಿ ವರದಿಯನ್ನು ಓದಿ ಮುಗಿಸುವ ಮುನ್ನ ಎಲ್ಲರಿಗಿಂತ ಕೆಳಗಿನ ಕೆಲಸದವನನ್ನು ಕೇಳಿರಿ. ಅವನ ಸಲಹೆಯನ್ನು ಅವನ ಹೆಸರಿನಲ್ಲಿಯೇ ಬರೆದಿಡಿರಿ. ಒಪ್ಪದಿದ್ದರೆ ಕಾರಣವನ್ನು ಹೇಳಿರಿ. ಕಾರಣವಿಲ್ಲದೆ ತಳ್ಳಲ್ಪಟ್ಟವನು ಎರಡನೆಯ ಸಲ ಬಾಯಿ ತೆರೆಯನು. ಸಂಸ್ಥೆಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಮನೆಯೂ ಒಂದು ಸಂಸ್ಥೆಯೇ. ಹೊಸದಾಗಿ ಬಂದ ಸೊಸೆಯು ಕಾಳುಕಡಿಗಳನ್ನು ಕಾಪಾಡುವ ಬೇರೊಂದು ಬಗೆಯನ್ನು ಹೇಳಿದರೆ, ನಮ್ಮ ಮನೆತನದಲ್ಲಿ ಹೀಗೆಯೇ ನಡೆದು ಬಂದಿದೆಯೆಂದು ಬಾಯಿ ಮುಚ್ಚಿಸುವುದು ಸುಲಭ. ಒಂದು ಗಡಿಗೆಯಲ್ಲಿ ಪರೀಕ್ಷಿಸಿ ನೋಡುವುದು ವಿವೇಕ. ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಾದರೆ ಕೊನೆಯವನ ಮಾತು ಮೊದಲು ಮೇಲಿನವರಿಗೆ ಮುಟ್ಟಬೇಕು.